ಆನೆಯ ಬಿದಿರಕ್ಕಿ, ಗೌಜುಗದ ನವಣೆ

ಕೇಳಿ ಮಕ್ಕಳೇ. ಬಿದಿರುಕಾಡಿನ ಕೆರೆ ಏರಿಯ ಕೆಳಗೆ ದುಗ್ಗಪ್ಪ ಎಂಬ ಹೆಗ್ಗಣ ಇದ್ದ. ಅವನ ಬಿಲ ಎಷ್ಟು ಉದ್ದ ಅಂತೀರಿ? ಬೆಳಗ್ಗೆ ಈ ಬಾಯಲ್ಲಿ ಸೀನಿದರೆ ಆ ತುದಿಗೆ ಸಂಜೆ ಕೇಳಿಸುತ್ತಿತ್ತು! ನಾನು ಹೇಳಿದ ಮೇಲೆ ಮುಗೀತು, ಅಳೆಯೋಕೆ ಹೋಗಬೇಡಿ.

ಮಳೆಗಾಲಕ್ಕೆಂದು ಕಾಡಿನವರೆಲ್ಲ ತಮ್ಮ ಕಾಳನ್ನು ಅಲ್ಲೇ ಇಡುತ್ತಿದ್ದರು. ಕಾಯ್ದದ್ದಕ್ಕೆ ದುಗ್ಗಪ್ಪನಿಗೆ ಒಂದಿಷ್ಟು ಪಾಲು. ಯಾರೇ ತರಲಿ, ಅವನು ಒಂದು ಕಾಳನ್ನು ಕಚ್ಚಿ ನೋಡುತ್ತಿದ್ದ. 'ಕಟಕ್' ಎಂದರೆ ಒಳಕ್ಕೆ. ಮೆತ್ತಗಿದ್ದರೆ ಬಿಸಿಲಿಗೆ.

ಗೌಜುಗದ ಹಕ್ಕಿ ನಿಂಗಕ್ಕನನ್ನೂ ಬಿಡಲಿಲ್ಲ.

"ಅಯ್ಯೋ ದುಗ್ಗಣ್ಣ, ಮರಿಗಳ ಪಾಲಿನ ನವಣೆ ಕಣೋ. ಇರೋದೇ ನಾಲ್ಕು ಕಾಳು!"

"ನಾಲ್ಕೇ ಇರಲಿ ಅಕ್ಕ. ಹಸಿ ಕಾಳು ಒಳಗೆ ಹೋದರೆ ಎಲ್ಲರದ್ದೂ ಮುಗ್ಗು ಹಿಡಿಯುತ್ತೆ. ಒಣಗಿಸಿ ತಾ."

ಪಾಪ, ಒಣಗಿಸಿಯೇ ತಂದಳು.

ಹೀಗಿರುವಾಗ ಆಚೆ ದಡದ ಹುಣಸೆ ಪೊಟರೆಯಲ್ಲಿ ಕೆಂಚ ಎಂಬ ಅಳಿಲು ತಾನೂ ಕಾಳು ಕಾಯಲು ಕೂತ. "ಬನ್ನಿ, ಬನ್ನಿ! ನನಗೆ ಪಾಲು ಕಮ್ಮಿ ಕೊಟ್ಟರೂ ಸಾಕು!" ಮೊಲ ಹೋಯಿತು. ನವಿಲೂ ಹೋಯಿತು. ದುಗ್ಗಪ್ಪನ ಹೊಟ್ಟೆ ಉರಿಯಿತು.

"ಆನೆ ಧಣಿಯೇ ನನ್ನ ಹತ್ತಿರ ಇಟ್ಟರೆ ಆ ಬಾಲಬಡುಕನನ್ನು ಯಾರು ಮೂಸಿ ನೋಡ್ತಾರೆ?" ಎಂದು ಆನೆಯ ಕಾಲಿಗೆ ಬಿದ್ದು ಕರೆತಂದ.

ಆನೆ ಬಿದಿರಕ್ಕಿ ತಂದು ಸುರಿಯಿತು. ಆ ರಾಶಿಯ ನೆರಳಿಗೆ ರಾತ್ರಿಯಾಯಿತೆಂದು ಗೂಬೆ ಎದ್ದು ಕೂತಿತು!

"ಕಚ್ಚಿ ನೋಡಲ್ವೇನೋ?" ಎಂದಳು ನಿಂಗಕ್ಕ.

"ಸುಮ್ನಿರಕ್ಕ! ಧಣಿಗಳ ಕಾಳಿಗೆ ಹಲ್ಲು ಹಾಕೋದಾ? ಬೇಜಾರಾಗಿ ಆಚೆ ದಡಕ್ಕೆ ಹೋಗಿಬಿಟ್ಟರೆ?"

ಅಕ್ಕಿ ಹಸಿಯಾಗಿಯೇ ಒಳಗೆ ಹೋಯಿತು.

ಮಳೆ ಹಿಡಿಯಿತು. ಮರಿಗಳನ್ನು ಕಟ್ಟಿಕೊಂಡು ನಿಂಗಕ್ಕ ಬಂದಳು. ದುಗ್ಗಪ್ಪ ಒಳಗೆ ಕಾಲಿಟ್ಟರೆ ಬಿಲವೆಲ್ಲ ಬಿಸಿ ಹಬೆ. ಬಿದಿರಕ್ಕಿ ಕೊಳೆತಿತ್ತು, ಅದರ ಬೂಷ್ಟು ಎಲ್ಲರ ಕಾಳಿಗೂ ಹತ್ತಿತ್ತು. ನವಣೆ ಕಪ್ಪು ಮುದ್ದೆಯಾಗಿತ್ತು.

ಸುದ್ದಿ ತಿಳಿದ ಆನೆ, "ಹೋಗಲಿ ಬಿಡೋ, ನನಗೆ ಸೊಪ್ಪಿಗೇನು ಬರ?" ಎಂದು ಕೊಂಬೆ ಮುರಿದುಕೊಂಡು ನಡೆಯಿತು.

ನಿಂಗಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡೀರಿ ಮಕ್ಕಳೇ, ಗುಡ್ಡದಾಚೆ ಏನಾದರೂ ಸಿಗುತ್ತೇನೋ," ಎಂದಳು.

"ನಿಲ್ಲಕ್ಕ! ನನ್ನ ಪಾಲಿದೆ, ಅದನ್ನೇ ತೊಗೊಂಡು ಹೋಗು!" ದುಗ್ಗಪ್ಪ ಒಳಗೆ ಓಡಿದ.

ಅದೂ ಅದೇ ಬಿಲದಲ್ಲಿತ್ತಲ್ಲ.

ಅವನು ಬರಿಗೈಯಲ್ಲಿ ಹೊರಗೆ ಬರುವಷ್ಟರಲ್ಲಿ ಮರಿಗಳ ಹೆಜ್ಜೆಗಳನ್ನು ಮಳೆ ಅಳಿಸಿತ್ತು.

ನೀತಿ: ದೊಡ್ಡವರನ್ನು ಒಲಿಸಿಕೊಳ್ಳಲು ಕಟ್ಟಳೆ ಮುರಿದರೆ, ಅದರ ದಂಡ ತೆರುವವರು ನಂಬಿ ಬಂದ ಚಿಕ್ಕವರು.