ಗುಮಾನಿ ಬೀಳು

ಕುಸುಬಿಹಾಳದಿಂದ ಡೋಣಿ ಹೊಳೆಯ ದಂಡೆಗುಂಟ ಮೂಡಣಕ್ಕೆ ಒಂದು ಹರದಾರಿ ನಡೆದರೆ, ಉತ್ತು ಹರಗಿದ ಎರೆಹೊಲಗಳ ನಡುವೆ ಒಮ್ಮೆಲೇ ನೇಗಿಲು ಕಾಣದ ನೆಲವೊಂದು ಎದುರಾಗುತ್ತದೆ. ಎಪ್ಪತ್ತು ಕೂರಿಗೆ ಒಂದು ದಿನ ಬಿತ್ತುವಷ್ಟು ವಿಸ್ತಾರ. ಸೊಂಟದವರೆಗೆ ಹುಲ್ಲು, ಅಲ್ಲಲ್ಲಿ ಜಾಲಿ, ಕಾರೆಕಂಟಿ, ಸುತ್ತ ಮುದಿ ಕಳ್ಳಿಯ ಸಾಲು. ಡೋಣಿ ಹರಿದರೆ ಓಣೆಲ್ಲ ಕಾಳು ಎನ್ನುವ ಸೀಮೆ ಇದು. ಇಲ್ಲಿ ಬದುವಿನ ಮೇಲೂ ಜನ ನಾಲ್ಕು ತೊಗರಿಗಿಡ ಹಾಕುತ್ತಾರೆ. ಅಂಥಲ್ಲಿ ಇಷ್ಟು ಒಳ್ಳೆಯ ನೆಲ ಯಾಕೆ ಸುಮ್ಮನೆ ಬಿದ್ದಿದೆ ಎಂದು ಹೊಸಬರು ಕೇಳದೆ ಇರುವುದಿಲ್ಲ. ಊರವರು ಅದನ್ನು ಗುಮಾನಿ ಬೀಳು ಎಂದು ಕರೆಯುತ್ತಾರೆ. ಬೀಳು ಎಂದರೆ ಉಳದೆ ಬಿಟ್ಟ ಹೊಲ. ಗುಮಾನಿ ಯಾರದು, ಯಾರ ಮೇಲೆ ಎಂಬುದಕ್ಕೆ ಮಾತ್ರ ಗೌಡರ ಓಣಿಯಲ್ಲಿ ಒಂದು ಕಥೆಯಿದೆ, ಬೇಡರ ಓಣಿಯಲ್ಲಿ ಇನ್ನೊಂದಿದೆ. ಎರಡನ್ನೂ ಹಲವು ಸಲ ಕೇಳಿ, ಎರಡಕ್ಕೂ ಹೊಂದುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಬಿಜಾಪುರದಲ್ಲಿ ಬಾದಶಾಹಿ ನಡೆಯುತ್ತಿದ್ದ ಕಾಲದಲ್ಲಿ, ಈ ನೆಲ ಸೀದಿ ಮಿಫ್ತಾ ಎಂಬ ಹಬಸಿ ಸರದಾರನಿಗೆ ಜಹಗೀರಾಗಿ ಬಂದಿತು ಎನ್ನುತ್ತಾರೆ. ಹಬಸಿ ಎಂದರೆ ನಾವು ಈಗ ಆಫ್ರಿಕಾ ಎನ್ನುವ ಕಡಲಾಚೆಯ ನಾಡಿನವನು. ಎಳವೆಯಲ್ಲಿ ಮಾರಾಟವಾಗಿ ಹಡಗು ಹತ್ತಿದವನು, ಕತ್ತಿಯ ಬಲದಿಂದ ಸರದಾರನಾದವನು. ಜಹಗೀರು ಸಿಕ್ಕ ಸರದಾರರು ಮೊದಲು ಕಣದಲ್ಲಿ ಬಂದು ಕೂರುತ್ತಾರೆ, ರಾಶಿ ಅಳೆಸುತ್ತಾರೆ. ಇವನು ಬಂದ ವರ್ಷವೇ ನೇಗಿಲುಗಳನ್ನು ನಿಲ್ಲಿಸಿದನು. ಅಲ್ಲಿ ಉಳುತ್ತಿದ್ದ ನಾಲ್ಕು ಮನೆತನಗಳಿಗೆ ಹೊಳೆಯಾಚೆ ಬದಲಿ ಹೊಲ ಕೊಟ್ಟನು. ಸುತ್ತ ಕಳ್ಳಿ ನೆಡಿಸಿ, ಒಳಗೆ ಕುರಿ ಬರಬಾರದು, ನಾಯಿ ಬರಬಾರದು, ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿ ಇಡಬಾರದು ಎಂದು ಡಂಗುರ ಹೊಡೆಸಿದನು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಹೊಲದ ಗುರುತು ಅಳಿಸಿ, ಎಲ್ಲಿಂದಲೋ ಚಿಗರಿಗಳು ಬಂದವು, ಹಕ್ಕಿಗಳು ಬಂದವು. ಊರಿಗೆ ಅದು ಕಾಣಿಸಲಿಲ್ಲ. ಕಳ್ಳಿಬೇಲಿಯ ಹಿಂದೆ ಅವನು ಏನು ಅಡಗಿಸಿದ್ದಾನೆ ಎಂಬುದೊಂದೇ ಎಲ್ಲರ ಚಿಂತೆಯಾಯಿತು. ಹೊನ್ನು ಎಂದರು ಕೆಲವರು, ಮಾಟದ ಕುಣಿ ಎಂದರು ಇನ್ನು ಕೆಲವರು.

ಊರ ಗೌಡ ಚನಬಸನಗೌಡನು ಬೇಡರ ಓಣಿಯ ಲಗಮವ್ವನನ್ನು ಕರೆಸಿದನು. ಆಕೆ ವಿಧವೆ. ಉರುಲು ಹಾಕಿ ಕೌಜುಗ, ಬುರ್ಲಿಯಂಥ ಹಕ್ಕಿ ಹಿಡಿದು ಸಂತೆಯಲ್ಲಿ ಮಾರಿ ಬದುಕುತ್ತಿದ್ದವಳು. ಅವಳ ಉರುಲಿನ ಜಾಗವೆಲ್ಲ ಕಳ್ಳಿಯೊಳಗೆ ಸೇರಿಹೋಗಿತ್ತು.

"ನಿನ್ನ ಅನ್ನ ಕಸ್ಕೊಂಡಾನ ಅವಾ," ಎಂದ ಗೌಡ. "ಒಳಗ ಏನ್ ಮುಚ್ಚಿಟ್ಟಾನ ನೋಡಿ ಬಾ. ಹುಲ್ಲಾಗ ಅಡಗೂದು ನಿನಗ ಯಾರೂ ಕಲಿಸಬೇಕಿಲ್ಲ."

ಲಗಮವ್ವ ಸಿಟ್ಟಿನಿಂದಲೇ ಒಳಗೆ ಹೋದಳು. ಎರಡು ದಿನ ಹುಲ್ಲಿನಲ್ಲಿ ಬೋರಲು ಬಿದ್ದು ನೋಡಿದಳು. ಸೀದಿ ಒಬ್ಬನೇ ಬರುವನು, ಜಾಲಿಯ ಬುಡದಲ್ಲಿ ಕೂರುವನು, ಹೊತ್ತೇರಿದ ಮೇಲೆ ಎದ್ದು ಹೋಗುವನು. ಮೂರನೆಯ ದಿನ ಅವನು ನೇರ ಅವಳಿದ್ದ ಕಂಟಿಗೇ ನಡೆದು ಬಂದನು. ಬೈಯಲಿಲ್ಲ. ಅವಳ ಸೊಂಟದಲ್ಲಿದ್ದ ಉರುಲನ್ನು ನೋಡಿ, ಎರೆಭೂತ ಎಲ್ಲಿ ಮೊಟ್ಟೆ ಇಡುತ್ತದೆ ಗೊತ್ತೇ ಎಂದು ಕೇಳಿದನು. ಎರೆಭೂತವೆಂದರೆ ಎರೆನೆಲದ ಹಿರಿಯ ಹಕ್ಕಿ. ನಿಂತರೆ ಆಳಿನ ಸೊಂಟಕ್ಕೆ ಬರುತ್ತದೆ. ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ವರ್ಷಕ್ಕೆ ಒಂದೇ ತತ್ತಿ. ನೇಗಿಲು ಹಾದರೆ, ಕುರಿ ತುಳಿದರೆ ಅದೂ ಇಲ್ಲ. ಲಗಮವ್ವನಿಗೆ ಗೊತ್ತಿತ್ತು, ತೋರಿಸಿದಳು. ಮರುದಿನದಿಂದ ಅವಳಿಗೆ ಅದೇ ಕೆಲಸವಾಯಿತು. ತತ್ತಿಯಿದ್ದಲ್ಲಿ ಸುತ್ತ ದೂರದಲ್ಲಿ ಮುಳ್ಳು ಹಾಕುವುದು, ನರಿ ಬಾರದಂತೆ ನೋಡುವುದು. ದಿನಕ್ಕೆ ಎರಡು ಸೇರು ಜೋಳ.

"ಒಂದ ಹಕ್ಕೀ ಸಲುವಾಗಿ ಇಷ್ಟ ಎರೀಹೊಲ ಯಾಕ್ರಿ ಸಾಹೇಬರ?" ಎಂದು ಅವಳು ಒಮ್ಮೆ ಕೇಳಿದಳಂತೆ.

"ನನ್ನನ್ನು ಮಾರಿದಾಗ ನನಗೆ ಏಳು ವರ್ಷ," ಎಂದನು ಸೀದಿ. "ಊರಿನ ಹೆಸರು ಮರೆತಿದ್ದೇನೆ. ಅಲ್ಲಿ ಇಂಥದೇ ಹಕ್ಕಿ ಇತ್ತು. ಅದು ಮರೆತಿಲ್ಲ."

ಲಗಮವ್ವ ಇದನ್ನು ಪೂರ್ತಿ ನಂಬಲಿಲ್ಲ. ಇದೇ ಪ್ರಶ್ನೆಗೆ ಅವನು ಖಾಜಿಯ ಮುಂದೆ ಹರಕೆ ಎಂದಿದ್ದನೆಂದೂ ಕೋಟೆಯಲ್ಲಿ ಬಾದಶಹನ ಬೇಟೆಗೆ ಕಾದಿಟ್ಟದ್ದು ಎಂದಿದ್ದನೆಂದೂ ಸಂತೆಯಲ್ಲಿ ಅವಳ ಕಿವಿಗೆ ಬಿದ್ದಿತ್ತು. ಆದರೆ ಕಣ್ಣಿನಿಂದ ಕಂಡದ್ದನ್ನು ಗೌಡನಿಗೆ ಹೇಳಿದಳು.

"ತತ್ತಿ ಕಾಯಾಕತ್ತಾನ್ರಿ. ಮತ್ತೇನಿಲ್ಲ."

"ಎಷ್ಟ ಜ್ವಾಳಾ ಕೊಟ್ಟಾನ ನಿನಗ?" ಎಂದ ಗೌಡ.

ಆ ದಿನದಿಂದ ಬಾವಿಯ ಹತ್ತಿರ ಅವಳು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಗೌಡನು ಬಿಜಾಪುರಕ್ಕೆ ಅರ್ಜಿ ಕಳಿಸಿದನು: ಹಬಸಿಯು ಹುಲ್ಲಿನಡಿ ಹತಿಯಾರ ಹೂಳಿದ್ದಾನೆ, ದಂಗೆ ಏಳುವ ಅಂದಾಜಿದೆ. ಶ್ರಾವಣದಲ್ಲಿ, ಹಕ್ಕಿಗಳು ಕಾವಿಗೆ ಕೂತ ಹೊತ್ತಿನಲ್ಲೇ, ಒಬ್ಬ ಹವಾಲದಾರನು ಇಪ್ಪತ್ತು ಮಂದಿ ಅಗೆಯುವವರನ್ನು ಕರೆದುಕೊಂಡು ಬಂದನು. ಆ ವರ್ಷ ಮಳೆ ಹಿಂದುಳಿದಿತ್ತು, ಹುಲ್ಲು ಒಣಗಿ ನಿಂತಿತ್ತು. ಸುಟ್ಟರೆ ನೆಲ ಬಯಲಾಗುತ್ತದೆ, ಪಂಜು ತನ್ನಿ ಎಂದನು. ಸೀದಿ ಮಿಫ್ತಾ ಸೊಂಟದ ಕತ್ತಿ ಬಿಚ್ಚಿ ಅವನ ಕಾಲ ಬಳಿ ಇಟ್ಟು, ಎಲ್ಲಿ ಬೇಕಾದರೂ ಅಗೆಯಿರಿ, ಬೆಂಕಿ ಮಾತ್ರ ಬೇಡ ಎಂದು ಬೇಡಿಕೊಂಡನು. ಯಾರ ಮುಂದೆಯೂ ಬಾಗದವನು ಹೀಗೆ ಬೇಡಿದ್ದು ಕಂಡು ಹವಾಲದಾರನ ಗುಮಾನಿ ಬಲವಾಯಿತು. ಇವನು ಬೆಂಕಿಗೆ ಇಷ್ಟು ಅಂಜುತ್ತಾನೆಂದರೆ ಕೆಳಗೆ ತೋಪಿನ ಮದ್ದು ಇರಲೇಬೇಕು, ಹೊತ್ತಿಕೊಂಡರೆ ತಾವೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದನು. ಪಂಜುಗಳನ್ನು ಆಗಲೇ ಹೊಳೆಗೆ ಎಸೆಸಿದನು. ಒಂಬತ್ತು ದಿನ ಮೆಲ್ಲಮೆಲ್ಲಗೆ ಅಗೆಸಿದನು. ಹನ್ನೊಂದು ಕುಣಿ ತೋಡಿದರು, ಎರೆಮಣ್ಣಿನ ಕೆಳಗೆ ಗರಸು ಸಿಕ್ಕಿತು. ಮತ್ತೇನೂ ಸಿಗಲಿಲ್ಲ.

ಅಗೆಯುವವರ ಕಾಲಿಗೆ ಸಿಕ್ಕಿ ಒಂದು ತತ್ತಿ ಒಡೆಯಿತು. ಲಗಮವ್ವ ಅದರ ಚಿಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಗೌಡನ ಕಟ್ಟೆಯ ಮೇಲೆ ಬಿಚ್ಚಿಟ್ಟಳು.

"ಇದ ನೋಡ್ರಿ ಅವನ ಹತಿಯಾರ," ಎಂದಳು.

ಮರುದಿನ ಗೌಡನು, ಸುದ್ದಿ ಮೊದಲೇ ತಿಳಿದು ಮಾಲು ಬೇರೆಡೆ ಸಾಗಿಸಿರಬೇಕು ಎಂದನು. ಊರೂ ಹಾಗೆಯೇ ಅಂದುಕೊಂಡಿತು.

ಎರಡು ವರ್ಷಕ್ಕೆ ಸೀದಿಯನ್ನು ತೆಂಕಣ ಗಡಿಯ ಕಾಳಗಕ್ಕೆ ಕಳಿಸಿದರು. ಅವನು ತಿರುಗಿ ಬರಲಿಲ್ಲ. ಹೆಂಡತಿ ಮಕ್ಕಳಿಲ್ಲದವನ ನೆಲ ಮತ್ತೆ ಊರಿಗೆ ಬಂತು. ಹಿಂದೆ ಉಳುತ್ತಿದ್ದ ನಾಲ್ಕು ಮನೆತನಗಳು ಎತ್ತು ಹೂಡಿಕೊಂಡು ಕಳ್ಳಿಯ ಬಳಿ ನಿಂತವು. ಗೌಡನದು ಅವುಗಳಲ್ಲಿ ಒಂದು, ಊರ ಲೆಕ್ಕ ಬರೆಯುವ ಕುಲಕರ್ಣಿಯದು ಇನ್ನೊಂದು. ಲಗಮವ್ವ ಮುಳ್ಳಿನ ಹೊರೆ ಹೊತ್ತು ಎದುರಾದಳು.

"ಈಗರೆ ಖರೇ ಹೇಳು," ಎಂದ ಗೌಡ. "ಎಲ್ಲಿ ಐತಿ?"

"ಏನೂ ಇಲ್ರಿ. ಬೇಕಾದ್ರ ಉಳ್ರಿ."

ಅವಳು ಅಷ್ಟು ಸುಲಭವಾಗಿ ಉಳ್ರಿ ಎಂದದ್ದೇ ಎಲ್ಲರನ್ನೂ ತಡೆಯಿತು. ಕುಲಕರ್ಣಿಗೆ, ಇವಳಿಗೂ ಗೌಡನಿಗೂ ಒಳಸಂಚಿದೆ ಎನಿಸಿತು. ಗೌಡನಿಗೆ ಕುಲಕರ್ಣಿಯ ಮೇಲೆಯೇ ಅನುಮಾನ. ಉಳಿದ ಇಬ್ಬರು ಈ ಇಬ್ಬರನ್ನೂ ನಂಬಲಿಲ್ಲ. ಹೂತದ್ದು ಮೊದಲು ಉತ್ತವನ ಪಾಲಾದೀತೆಂದು ಅಂಜಿ, ಮೊದಲ ಸಾಲು ಯಾರು ಹೊಡೆಯಬೇಕೆಂದು ಹೊತ್ತು ಮುಳುಗುವ ತನಕ ಜಗಳಾಡಿದರು. ಕೊನೆಗೆ ಪಂಚರು ಕೂಡಿ, ವ್ಯಾಜ್ಯ ತೀರುವವರೆಗೆ ಯಾರೂ ಅಲ್ಲಿ ಉಳಬಾರದು, ಅಗೆಯಬಾರದು, ಬೆಂಕಿ ಹಾಕಬಾರದು ಎಂದು ನಾಲ್ಕೂ ಮನೆಗಳಿಂದ ದೇವರ ಅರಿಸಿನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ವ್ಯಾಜ್ಯ ಮೊಮ್ಮಕ್ಕಳಿಗೂ ಮುಗಿಯಲಿಲ್ಲ. ಎತ್ತುಗಳು ತಿರುಗಿ ಹೋದ ಸಂಜೆ ಲಗಮವ್ವ ಮನೆಗೆ ಬಂದು ಉರುಲುಗಳನ್ನೆಲ್ಲ ಒಲೆಗೆ ಹಾಕಿ ರೊಟ್ಟಿ ಸುಟ್ಟಳು ಎಂದು ಅವಳ ವಂಶದವರು ಹೇಳುತ್ತಾರೆ. ಗೌಡರ ಮನೆಯವರು ಇದನ್ನು ಒಪ್ಪುವುದಿಲ್ಲ.

ಈಗಲೂ ಹೋದವರಿಗೆ ಆ ಹನ್ನೊಂದು ಕುಣಿಗಳು ಕಾಣುತ್ತವೆ. ಅಂಚು ಕುಸಿದು ತಗ್ಗುಗಳಾಗಿವೆ. ಮಳೆಗಾಲದಲ್ಲಿ ನೀರು ನಿಂತು ಹಕ್ಕಿಗಳು ಕುಡಿಯಲು ಇಳಿಯುತ್ತವೆ. ಎರೆಭೂತವನ್ನು ನಾನು ಕಂಡಿಲ್ಲ. ಐದಾರು ವರ್ಷದ ಹಿಂದೆ ಒಂದು ಜೋಡಿ ಬಂದಿತ್ತೆಂದು ಕುರಿಗಾರರು ಹೇಳುತ್ತಾರೆ. ದುರ್ಬೀನು ಹಿಡಿದು ಹಕ್ಕಿ ನೋಡಲು ಬರುವವರ ಹಿಂದೆ ಸ್ವಲ್ಪ ದೂರದಲ್ಲಿ ಊರಿನ ಇಬ್ಬರು ಬರುವುದುಂಟು. ಕೇಳಿದರೆ ಎಮ್ಮೆ ತಪ್ಪಿಸಿಕೊಂಡಿದೆ ಎನ್ನುತ್ತಾರೆ. ಹೋದ ವರ್ಷ ನಾನು ಅಲ್ಲಿ ಕಾಲಿನ ಮುಳ್ಳು ತೆಗೆಯಲು ಒಂದು ಗಳಿಗೆ ಕೂತಿದ್ದೆ. ಮರುದಿನ ಅದೇ ದಾರಿಯಲ್ಲಿ ಬರುವಾಗ ನೋಡಿದೆ, ನಾನು ಕೂತಿದ್ದಲ್ಲಿ ಯಾರೋ ಹುಲ್ಲನ್ನು ಕೈಯಿಂದ ಸರಿಸಿ ನೆಲ ತಡವಿ ಹೋಗಿದ್ದರು.