ಸವೆದ ಸೇರು

"ಅಯ್ಯನವರೇ, ದೇವರಿಗೆ ಯಾವ ಕೊರತೆಯೂ ಇಲ್ಲ ಎಂದು ನೀವೇ ಕಲಿಸಿದಿರಿ. ಹಾಗಿದ್ದ ಮೇಲೆ ಆತನನ್ನು ಆರಾಧಿಸುವುದು ಯಾತಕ್ಕೆ?"

ಕೇಳಿದವನು ಸಿಲಾಸ. ಮಿಷನ್ನಿನ ಕುಷ್ಠಾಶ್ರಮದಲ್ಲಿ ರೋಗಿಗಳ ಗಾಯ ತೊಳೆದು ಪಟ್ಟಿ ಕಟ್ಟುವುದು ಅವನ ಕೆಲಸ. ಕೇಳಿಸಿಕೊಂಡವರು ಉಪದೇಶಿ ಎಜ್ರಪ್ಪ. ಸಿಲಾಸನಿಗೆ ಅಕ್ಷರ ಕಲಿಸಿದವರೂ ಅವರೇ, ಪ್ರಾರ್ಥನೆ ಕಲಿಸಿದವರೂ ಅವರೇ. ಮೂರು ತಿಂಗಳಿಂದ ಸಿಲಾಸ ಭಾನುವಾರದ ಆರಾಧನೆಗೆ ಬಂದಿರಲಿಲ್ಲ. ಇನ್ನು ಮುಂದೆಯೂ ಬರದಿರಲು ಅಪ್ಪಣೆ ಕೇಳುವುದಕ್ಕೆ ಈಗ ಬಂದಿದ್ದ. ಅಪ್ಪಣೆ ಸಿಗದಿದ್ದರೆ ಒಂದೋ ಗುರುವಿನ ಮಾತು ಮೀರಬೇಕು, ಇಲ್ಲವೇ ರೋಗಿಗಳನ್ನು ಕಾಯಿಸಬೇಕು. ಎರಡೂ ಅವನಿಗೆ ಬೇಡವಾಗಿತ್ತು.

"ಮೂವತ್ತೆರಡು ಜನರ ಪಟ್ಟಿ ಬಿಚ್ಚಿ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ," ಎಂದ ಸಿಲಾಸ. "ನಾನು ಎರಡು ಗಂಟೆ ಹಾಡುತ್ತ ಕೂತರೆ ಕೊನೆಯ ನಾಲ್ವರು ನೋವು ತಿನ್ನುತ್ತಾರೆ. ಹಾಡುವವರನ್ನೂ ನೋಡಿದ್ದೇನೆ. ಆಶೀರ್ವಾದ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಮೊದಲ ಬೆಂಚಿನವರು ಜಗಳಕ್ಕೆ ನಿಂತಿರುತ್ತಾರೆ. ದೇವರಿಗೆ ಆ ಹಾಡು ಬೇಕೇ?"

"ಬೇಕಿಲ್ಲ," ಎಂದರು ಎಜ್ರಪ್ಪ. "ನಮ್ಮ ಸಭೆಯ ಹಾಡು ನೀನೂ ಕೇಳಿದ್ದೀಯಲ್ಲ. ಅದಿಲ್ಲದೆ ಇರಲಾರೆ ಎನ್ನುವ ದೇವರಿದ್ದರೆ ಆತನ ಕಿವಿಯ ಬಗ್ಗೆ ನಾವೇ ಪ್ರಾರ್ಥನೆ ಮಾಡಬೇಕಾಗುತ್ತದೆ. ನನ್ನ ಕಂಠದ ಮಾತು ಬೇರೆ. ಪ್ರಾಯದಲ್ಲಿ ನಾನು ಕೀರ್ತನೆ ಎತ್ತಿದರೆ ಮೂರು ಊರಿನಾಚೆ ತಪ್ಪಿಸಿಕೊಂಡ ಎತ್ತು ತಾನಾಗಿ ಕೊಟ್ಟಿಗೆಗೆ ಬರುತ್ತಿತ್ತು. ಹೆದರಿ ಬರುತ್ತಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನೀನು ನಂಬಬೇಡ."

ಸಿಲಾಸನಿಗೆ ನಗು ಬಂತು. ನಕ್ಕರೆ ಅಪ್ಪಣೆ ಕೈತಪ್ಪುತ್ತದೆಂದು ತಡೆದುಕೊಂಡ. ಗುರುಗಳು ನಗಿಸಿ ನಗಿಸಿಯೇ ಎಂಥವರನ್ನೂ ಹಾದಿಗೆ ತರುವವರು.

"ಕೂತುಕೋ ತಮ್ಮಾ. ಒಂದು ಕತೆ ಹೇಳುತ್ತೇನೆ. ಇದು ಸರಿಯಾಗಿ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಇನ್ನೊಬ್ಬರು ತೀರಿಕೊಂಡರು."

ಎಜ್ರಪ್ಪ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಜೋಳದ ವ್ಯಾಪಾರಿ ಇದ್ದ. ಮೋಸವೆಂಬುದು ಅವನಿಗೆ ಗೊತ್ತಿರಲಿಲ್ಲ. ಜೋಳದಲ್ಲಿ ಹುಳು ಕಂಡರೆ ಅದನ್ನು ತೆಗೆದು, ಅದು ಕೂತಿದ್ದ ಜಾಗಕ್ಕೆ ಎರಡು ಕಾಳು ಹಾಕಿ ಕೊಡುತ್ತಿದ್ದ. ಅವನ ಅಂಗಡಿಯ ಇಲಿಗಳು ಕೂಡ ತಿಂದಷ್ಟಕ್ಕೆ ಕಸ ಹೊಡೆದು ಹೋಗುತ್ತವೆಂದು ಜನ ಹೇಳುತ್ತಿದ್ದರು. ಇಲಿಗಳ ಸಂಗತಿ ಹಾಗಿರಲಿ, ಸೇರಿನ ಸಂಗತಿ ಮಾತ್ರ ನಿಜ.

ಅವನ ಸೇರು ಮರದ್ದು, ಅವನ ಅಪ್ಪನ ಕಾಲದ್ದು. ಕಾಳು ತುಂಬಿ, ಅಂಚಿನ ಮೇಲೆ ಕೋಲು ಆಡಿಸಿ, ಮಟ್ಟವಾಗಿ ಬಳಿದು ಕೊಡುವುದು ಆ ಕಡೆಯ ಪದ್ಧತಿ. ಬೇರೆಯವರು ಒಂದು ಸಲ ಬಳಿದರೆ ಅವನು ಮೂರು ಸಲ ಬಳಿಯುತ್ತಿದ್ದ. ಒಂದು ಕಾಳು ಆಚೆ ಈಚೆ ಆಗುವುದೂ ಅವನಿಗೆ ಸೇರುತ್ತಿರಲಿಲ್ಲ.

ವ್ಯಾಪಾರಿಗಳೆಲ್ಲ ವರ್ಷಕ್ಕೊಮ್ಮೆ ತಮ್ಮ ಸೇರುಗಳನ್ನು ತಾಲ್ಲೂಕು ಕಚೇರಿಗೆ ಒಯ್ಯಬೇಕಾಗಿತ್ತು. ಅಲ್ಲಿ ಹಿತ್ತಾಳೆಯ ಒಂದು ಮಾದರಿ ಸೇರು ಇತ್ತು. ಅದರೊಂದಿಗೆ ತಾಳೆ ನೋಡಿ ಮುದ್ರೆ ಒತ್ತಿ ಕೊಡುತ್ತಿದ್ದರು. ಎದುರಂಗಡಿಯವನು ಒಂದು ವರ್ಷವೂ ತಪ್ಪಿಸುತ್ತಿರಲಿಲ್ಲ. ಅವನ ಹೆಬ್ಬೆರಳು ಹುಟ್ಟಿದ್ದೇ ಸೇರಿನೊಳಗೆ. ಅಳೆಯುವಾಗ ಅದು ಹೊರಗಿದ್ದುದನ್ನು ಯಾರೂ ಕಂಡಿರಲಿಲ್ಲ. ನಮ್ಮ ವ್ಯಾಪಾರಿ ಹೋಗುತ್ತಿರಲಿಲ್ಲ. ಅವನ ಹೆಸರು ಕೇಳಿ ಕಚೇರಿಯವರೂ ಏಕೆ ಬರಲಿಲ್ಲವೆಂದು ವಿಚಾರಿಸುತ್ತಿರಲಿಲ್ಲ.

"ನನ್ನ ಮರದ ಸೇರಿನ ಮುಖ ನೋಡದಿದ್ದರೆ ಆ ಹಿತ್ತಾಳೆ ಸೇರಿಗೆ ನಿದ್ದೆ ಬರುವುದಿಲ್ಲವೇ?" ಎನ್ನುತ್ತಿದ್ದ. "ಹೆಬ್ಬೆರಳಿನವರು ಹೋಗಲಿ. ನಾನು ಹೋದರೆ ಒಂದು ದಿನ ಅಂಗಡಿ ಮುಚ್ಚಬೇಕು, ಬಡವರು ಬರಿ ಚೀಲ ಹಿಡಿದು ಹಿಂದಕ್ಕೆ ಹೋಗಬೇಕು."

ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಆ ಊರಿನ ಒಬ್ಬ ಹೆಂಗಸು ದಿನವೂ ಅವನಲ್ಲಿ ಒಂದು ಸೇರು ಜೋಳ ಒಯ್ಯುತ್ತಿದ್ದಳು. ಸೇರಿಗೆ ಹನ್ನೆರಡು ರೊಟ್ಟಿ. ಅವಳ ಮನೆಯಲ್ಲಿ ಅದು ಬದಲಾದದ್ದೇ ಇಲ್ಲ. ವರ್ಷದಿಂದ ವರ್ಷಕ್ಕೆ ತನ್ನ ಕೈ ರೊಟ್ಟಿಯನ್ನು ಒಂದಿಷ್ಟು ತೆಳ್ಳಗೆ ತಟ್ಟುತ್ತ ಬಂದದ್ದು ಅವಳಿಗೂ ತಿಳಿದಿರಲಿಲ್ಲ. ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಸೊಸೆ ತನ್ನ ತವರಿನ ಅಳತೆಗೆ ತಟ್ಟಿದಳು. ಹನ್ನೊಂದು ರೊಟ್ಟಿಯಾಯಿತು. ಮರುದಿನವೂ ಹನ್ನೊಂದು. ತಿಂಗಳು ಕಳೆದರೂ ಹನ್ನೊಂದೇ.

ಅತ್ತೆ ಪಂಚರನ್ನು ಕರೆದಳು. "ದಿನಕ್ಕೊಂದು ರೊಟ್ಟಿಯ ಹಿಟ್ಟು ಕದ್ದು ತವರಿಗೆ ಕಳಿಸುತ್ತಾಳೆ," ಎಂದಳು.

ಪಂಚರಲ್ಲಿ ಒಬ್ಬ, "ಸೇರೇ ಕಡಿಮೆಯಿದ್ದರೆ?" ಎಂದ. ಎಲ್ಲರೂ ನಕ್ಕರು. ಕೇಳಿದವನೂ ನಕ್ಕ. ಆದರೂ ಪದ್ಧತಿಯಂತೆ ವ್ಯಾಪಾರಿಯನ್ನು ಕರೆಸಿದರು. ತಲೆ ತಗ್ಗಿಸಿ ನಿಂತ ಹುಡುಗಿಯನ್ನು ಕಂಡು ಅವನಿಗೆ ಮರುಕವಾಯಿತು. ಆದರೆ ಮರುಕಕ್ಕಾಗಿ ಸುಳ್ಳು ಹೇಳುವುದೆಂತು? ಸೇರಿನ ಮೇಲೆ ಕೈಯಿಟ್ಟು, ಇದು ಅಪ್ಪನ ಕಾಲದಿಂದ ತಪ್ಪಿದ್ದಿಲ್ಲ ಎಂದು ಆಣೆ ಮಾಡಿದ. ಆ ಒಂದು ಆಣೆಯೇ ಸಾಕಾಯಿತು. ಹುಡುಗಿ ವಾದ ಮಾಡಲಿಲ್ಲ. ಹಿಟ್ಟು ತನ್ನ ಕೈಯಿಂದಲೇ ಎಲ್ಲೋ ಚೆಲ್ಲುತ್ತಿರಬೇಕು ಎಂದುಕೊಂಡಳು. ಅದೇ ದಿನ ಅವಳನ್ನು ತವರಿಗೆ ಅಟ್ಟಿದರು.

ಮೂರನೆಯ ದಿನ ಹುಡುಗಿಯ ತಂದೆ ಅಂಗಡಿಯ ಮುಂದೆ ಬಂದು ನಿಂತ.

"ಸಾಹುಕಾರರೇ, ನಿಮ್ಮ ಮೇಲೆ ನನಗೆ ಅನುಮಾನವಿಲ್ಲ. ಆದರೆ ನಮ್ಮ ಮನೆಯಲ್ಲಿ ನನ್ನ ಮಗಳ ಕೈಗೆ ಸೇರಿಗೆ ಹನ್ನೆರಡೇ ಆಗುತ್ತಿದ್ದವು. ಒಂದು ಸಲ ಕಚೇರಿಯಲ್ಲಿ ತಾಳೆ ನೋಡಿಸಿಬಿಡಿ. ಸರಿ ಬಂದರೆ ಮಗಳು ಕಳ್ಳಿ ಎಂದು ನಾನೇ ಒಪ್ಪಿಕೊಳ್ಳುತ್ತೇನೆ."

ವ್ಯಾಪಾರಿಗೆ ಸಿಟ್ಟು ಬಂತು. ಅಂಗಡಿ ಮುಚ್ಚಿದ. ಸೇರನ್ನು ಟವೆಲಿನಲ್ಲಿ ಕಟ್ಟಿಕೊಂಡು ತಾಲ್ಲೂಕಿನ ಹಾದಿ ಹಿಡಿದ. ಈ ಜನರಿಗೆ ಏನು ಹೇಳಬೇಕೆಂದು ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಕಚೇರಿಯ ಗುಮಾಸ್ತ ಮರದ ಸೇರು ತುಂಬಿಸಿ, ಬಳಿದು, ಹಿತ್ತಾಳೆಯ ಸೇರಿಗೆ ಸುರಿದ. ಹಿತ್ತಾಳೆಯ ಸೇರು ತುಂಬಲಿಲ್ಲ. ಒಂದು ಬೆರಳಿನಷ್ಟು ಖಾಲಿ ಉಳಿಯಿತು.

"ಇನ್ನೊಮ್ಮೆ," ಎಂದ ವ್ಯಾಪಾರಿ.

ಗುಮಾಸ್ತ ಇನ್ನೊಮ್ಮೆ ಸುರಿದ. ಅಷ್ಟೇ ಖಾಲಿ. ಅವನು ಮರದ ಅಂಚಿನ ಮೇಲೆ ಬೆರಳಾಡಿಸಿ, "ಬಹಳ ಪ್ರಾಮಾಣಿಕರೆಂದು ಕಾಣುತ್ತದೆ," ಎಂದ. "ಬಳಿದು ಬಳಿದು ಅಂಚೇ ಸವೆದುಹೋಗಿದೆ."

ಜೋಡಿಸಿಕೊಂಡು ಬಂದಿದ್ದ ಮಾತು ಬಿಟ್ಟು ವ್ಯಾಪಾರಿ ತಾನೂ ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ತುಂಬಿದ ಸೇರು ಎಂದರೆ ಎಷ್ಟು ಎಂಬುದೇ ಅವನಿಗೆ ಇಪ್ಪತ್ತು ವರ್ಷದಿಂದ ಮರೆತಿತ್ತು. ಗುಮಾಸ್ತ ಅಂಚಿಗೆ ಕಬ್ಬಿಣದ ಪಟ್ಟಿ ಹೊಡೆದು ಎತ್ತರ ಮಾಡಿದ. ತಾಳೆ ನೋಡಿ ಮುದ್ರೆ ಒತ್ತಿದ. "ಬರುವ ವರ್ಷ ಮತ್ತೆ ತನ್ನಿ," ಎಂದ.

"ಇದೂ ಸವೆಯುತ್ತದೆಯೇ?"

"ಅಳೆಯುವುದನ್ನು ಬಿಟ್ಟರೆ ಸವೆಯುವುದಿಲ್ಲ. ಬಿಡುವುದಾದರೆ ಬರಬೇಡಿ."

ವ್ಯಾಪಾರಿ ಅಂಗಡಿಗೆ ಹೋಗಲಿಲ್ಲ. ನೇರವಾಗಿ ಹುಡುಗಿಯ ತವರಿಗೆ ಹೋದ. ಹೊಸ್ತಿಲಲ್ಲೇ ನಿಂತು, ನೆರೆಮನೆಯವರು ಕೇಳುವಂತೆ, ತಪ್ಪು ತನ್ನದೆಂದು ಹೇಳಿದ. ಆಣೆ ಮಾಡಿದ ಜಾಗದಲ್ಲಿ ಪಂಚರನ್ನು ಮತ್ತೆ ಕೂಡಿಸಿ ಅದನ್ನೇ ಹೇಳಿದ. ತಾನೇ ಮುಂದೆ ನಿಂತು ಹುಡುಗಿಯನ್ನು ಗಂಡನ ಮನೆಗೆ ಕರೆತಂದು ಬಿಟ್ಟ.

ಬಾಗಿಲಲ್ಲಿ ಹುಡುಗಿ, "ನೀವು ಬೇಕೆಂದು ಮಾಡಿದ್ದಲ್ಲವಲ್ಲ ಅಣ್ಣ," ಎಂದಳು.

"ಅದಕ್ಕೇ ತಂಗಿ, ಯಾರಿಗೂ ತಿಳಿಯಲಿಲ್ಲ," ಎಂದ ವ್ಯಾಪಾರಿ. "ಬೇಕೆಂದು ಮಾಡಿದ್ದರೆ ನಿಮ್ಮತ್ತೆ ಮೊದಲ ವಾರವೇ ನನ್ನ ಜುಟ್ಟು ಹಿಡಿಯುತ್ತಿದ್ದಳು."

ಕತೆ ಮುಗಿಯಿತು. ಆ ವ್ಯಾಪಾರಿ ತಾನೇ ಎಂಬುದು ಸಿಲಾಸನಿಗೆ ಅರ್ಥವಾಗಿತ್ತು. ಆದರೂ ಪೂರ್ತಿ ಒಪ್ಪಿಗೆಯಾಗಲಿಲ್ಲ.

"ಹಾಗಾದರೆ ಆರಾಧನೆಯೆಂದರೆ ತಪಾಸಣೆಯೇ, ಅಯ್ಯನವರೇ?"

"ತಪಾಸಣೆಗಾದರೆ ನಾನೂ ಹೋಗುತ್ತಿರಲಿಲ್ಲ. ನನ್ನ ಸೇರಿನ ಗತಿ ನಿನಗೇನು ಗೊತ್ತು," ಎಂದರು ಎಜ್ರಪ್ಪ. "ಅಲ್ಲಪ್ಪಾ. ದೇವರು ತನ್ನಲ್ಲಿದ್ದದ್ದನ್ನು ಬಳಿದು ಕೊಡಲಿಲ್ಲ, ಶಿಲುಬೆಯ ಮೇಲೆ ತನ್ನನ್ನೇ ಸುರಿದ. ಏಳು ದಿನಕ್ಕೊಮ್ಮೆ ಅದರ ಮುಂದೆ ನಿಂತರೆ ತುಂಬಿದ್ದು ಎಂದರೆ ಯಾವುದೆಂದು ಕಣ್ಣಿಗೆ ನೆನಪಾಗುತ್ತದೆ. ಕಂಡ ಮೇಲೆ ಬಾಯಿ ಸುಮ್ಮನಿರುವುದಿಲ್ಲ, ಹಾಡುತ್ತದೆ. ರಾಗ ತಪ್ಪಿದರೂ ಹಾಡುತ್ತದೆ. ಇನ್ನು ನಿನ್ನ ಆ ನಾಲ್ವರ ಮಾತು. ಭಾನುವಾರ ಹೊತ್ತು ಮೂಡುವಾಗಲೇ ನಾನೂ ಬರುತ್ತೇನೆ, ಇಬ್ಬರೂ ಸೇರಿ ಕಟ್ಟೋಣ. ನಾನು ಕಟ್ಟಿದ ಪಟ್ಟಿ ಗಾಯ ಮಾಯ್ದ ಮೇಲೂ ಬಿಚ್ಚುವುದಿಲ್ಲ, ಅಷ್ಟು ಗಟ್ಟಿ."

ಸಿಲಾಸ ಈ ಸಲವೂ ನಗಲಿಲ್ಲ. ಕೊನೆಯದಾಗಿ ಅವನ ಬಳಿ ಒಂದೇ ಮಾತು ಉಳಿದಿತ್ತು.

"ಆದರೆ ಅಯ್ಯನವರೇ, ಈ ಮೂರು ತಿಂಗಳಲ್ಲಿ ಒಬ್ಬ ರೋಗಿಯೂ ನನ್ನ ಕೈಯ ಮೇಲೆ ದೂರು ಹೇಳಿಲ್ಲ."

"ಹೇಳುವುದಿಲ್ಲ, ಸಿಲಾಸ," ಎಂದರು ಎಜ್ರಪ್ಪ. "ನೀನು ಒಳ್ಳೆಯವನು, ನೋವಾದರೆ ತಪ್ಪು ತಮ್ಮ ಗಾಯದ್ದೇ ಎಂದುಕೊಳ್ಳುತ್ತಾರೆ."