ಅಂಗಳಕ್ಕೆ ಬಂದ ಸಂಸಾರ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಯುದ್ಧ ಕಂಡು ಬಂದ ಸೈನಿಕ ನಿದ್ದೆಯಲ್ಲಿ ಬೆಚ್ಚಿಬಿದ್ದರೆ ಅರ್ಥವಾಗುತ್ತದೆ. ಕತ್ತಿಯನ್ನೇ ಕಾಣದವನು, ಎಂದೋ ಕಳೆದುಹೋದ ಆಪತ್ತಿಗೆ ಇಂದಿಗೂ ನಡುಗಿದರೆ ಅದು ಹೇಡಿತನವಲ್ಲವೇ?"

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಬಾವಿ ತೋಡುವವನೊಬ್ಬನಿದ್ದ. ಸುತ್ತಲಿನ ಹಳ್ಳಿಗಳು ಕುಡಿಯುತ್ತಿದ್ದದ್ದು ಅವನು ತೋಡಿದ ಬಾವಿಗಳ ನೀರನ್ನೇ. ಒಂದು ಬೆಳಗ್ಗೆ ಅವನು ಕೆಳಗಿದ್ದಾಗ ಬಾವಿಯ ಪಕ್ಕೆ ಕುಸಿಯಿತು. ಮಣ್ಣು ಕುತ್ತಿಗೆಯವರೆಗೆ ಬಂತು. ಅಡ್ಡ ಬಿದ್ದ ತೊಲೆಯೊಂದು ಉಳಿದ ಮಣ್ಣನ್ನು ಮೇಲೆಯೇ ತಡೆಯಿತು. ಊರಿಗೆ ಊರೇ ಸೇರಿ ಅಗೆಯಿತು. ಹೊತ್ತು ಮುಳುಗುವ ಮುಂಚೆ ಅವನನ್ನು ಮೇಲಕ್ಕೆತ್ತಿದರು. ಒಂದೆರಡು ತರಚುಗಾಯ ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಊರವರು ಕಾಯಿ ಒಡೆದು, ಬೆಲ್ಲ ಹಂಚಿ, ತಮ್ಮ ತಮ್ಮ ಮನೆಗೆ ಹೋದರು.

ಅವನು ಮಾತ್ರ ಮನೆಯೊಳಗೆ ಹೋಗಲಾರದೆ ಹೋದ. ಹೊಸ್ತಿಲ ಬಳಿ ನಿಂತು ಸೂರನ್ನು ನೋಡಿದ. ಅದು ಮೈಮೇಲೆ ಕುಸಿದೇಬಿಡುತ್ತದೆ ಎನಿಸಿತು. ಓಡಿಬಂದು ಅಂಗಳದಲ್ಲಿ ಕುಳಿತ. ಮರುದಿನವೂ ಹಾಗೆಯೇ ಆಯಿತು. ಯಾರಾದರೂ ಒಂದು ಬುಟ್ಟಿ ಮಣ್ಣು ಸುರಿದ ಸದ್ದಾದರೂ ಎರಡು ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದ.

ಊರಲ್ಲಿ ಬುದ್ಧಿ ಹೇಳುವವರಿಗೆ ಬರವೇ? ಒಬ್ಬರು ತಾಯಿತ ಕಟ್ಟಿದರು. ಒಬ್ಬರು ದೃಷ್ಟಿ ತೆಗೆದರು. ಸೋದರಮಾವ ಬಂದು, ಗಂಡಸಾದವನು ಹೆಂಚಿಗೆ ಹೆದರುವುದುಂಟೇ ಎಂದು ಗದರಿದ. ನಾಲ್ವರು ಹಿಡಿದು ಒಳಗೆ ಕೂರಿಸಿದರೆ ಸರಿಹೋಗುತ್ತಾನೆ ಎಂದ. ಹಾಗೂ ಮಾಡಿ ನೋಡಿದರು. ಅವನು ಕಿಟಕಿಯ ಮರದ ಸರಳುಗಳನ್ನು ಕಿತ್ತುಕೊಂಡು ಹೊರಗೆ ಬಂದ. ಆ ಕಿಟಕಿ ಮಾಡಿಸಿಕೊಟ್ಟಿದ್ದವನು ಸೋದರಮಾವನೇ. ಅವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಹೆಂಡತಿ ಇದೆಲ್ಲವನ್ನೂ ನೋಡುತ್ತಿದ್ದಳು. ಭಯಕ್ಕಿಂತ ಹೆಚ್ಚಾಗಿ ನಾಚಿಕೆ ಅವನನ್ನು ತಿನ್ನುತ್ತಿದೆ ಎಂದು ಅವಳಿಗೆ ತಿಳಿಯಿತು. ಅವನು ಒಳಗೆ ಬರಲಾರ. ತಾನು ಹೊರಗೆ ಹೋಗಬಹುದಲ್ಲ ಎನಿಸಿತು. ಅಂದೇ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಚಾಪೆ, ಪಾತ್ರೆ, ನೀರಿನ ಕೊಡ ಎಲ್ಲ ಹೊರಗೆ ಬಂದವು. ಕೇಳಿದವರಿಗೆ, ಒಳಗೆ ಸೆಕೆ ಎಂದಳು. ಬೆಳದಿಂಗಳಲ್ಲಿ ಅವರು ಉಣ್ಣುವುದನ್ನು ನೋಡಿ ನೆರೆಮನೆಯವರಿಗೂ ಆಸೆಯಾಯಿತು. ಅವರೂ ತಟ್ಟೆ ಹಿಡಿದುಕೊಂಡು ಬರತೊಡಗಿದರು.

ಊಟವಾಗಿ ಎಲ್ಲರೂ ಹೋದ ಮೇಲೆ ಅವಳು ಬಾವಿಯೊಳಗೆ ಏನಾಯಿತು ಎಂದು ಗಂಡನನ್ನು ಕೇಳುತ್ತಿದ್ದಳು. ಅವನು ಹಗ್ಗ ಹಿಡಿದು ಇಳಿದದ್ದನ್ನು ಹೇಳುತ್ತಿದ್ದ, ಗುದ್ದಲಿ ಹಾಕಿದ್ದನ್ನು ಹೇಳುತ್ತಿದ್ದ. ಮೇಲೆ ಮಣ್ಣು ಸದ್ದು ಮಾಡಿದಲ್ಲಿಗೆ ಬಂದು ನಿಲ್ಲುತ್ತಿದ್ದ. ಅವನು ಸಾಕು ಎಂದರೆ ಅವಳೂ ಸಾಕು ಎನ್ನುತ್ತಿದ್ದಳು. ಇನ್ನೊಂದು ದಿನ ಮತ್ತೆ ಕೇಳುತ್ತಿದ್ದಳು.

ಮಳೆಗಾಲ ಬಂತು. ಮೊದಲ ಮಳೆಗೆ ಎಲ್ಲರೂ ಒಳಗೆ ಓಡಿದರು. ಅವನು ಅಂಗಳದಲ್ಲೇ ನೆನೆಯುತ್ತ ಕುಳಿತ. ನೀನಾದರೂ ಒಳಗೆ ಹೋಗು ಎಂದು ಹೆಂಡತಿಗೆ ಹೇಳಿದ. ಅವಳು ಒಂದು ಕಂಬಳಿ ತಂದು, ಇಬ್ಬರ ತಲೆಯ ಮೇಲೂ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಕಂಬಳಿ ನೀರು ಕುಡಿದು ಭಾರವಾಯಿತು.

"ಏನ್ರೀ, ತಲೆಯ ಮೇಲೆ ಇಷ್ಟು ಭಾರ ಕೂತಿದೆಯಲ್ಲ, ಹೇಗನ್ನಿಸುತ್ತಿದೆ?" ಎಂದು ಕೇಳಿದಳು.

ಅವನು ಕಂಬಳಿಯನ್ನು ಮುಟ್ಟಿ ನೋಡಿದ. "ಬೇಕೆಂದಾಗ ಕೈಯಿಂದ ಸರಿಸಬಹುದು," ಎಂದ.

ಸರಿಸಿಯೂ ನೋಡಿದ. ಇಬ್ಬರೂ ತೊಯ್ದು ತೊಪ್ಪೆಯಾದರು, ಇಬ್ಬರಿಗೂ ನಗು ಬಂತು. ಮತ್ತೆ ಕಂಬಳಿ ಹೊದ್ದು, ಆ ನಗುವಿನ ನಡುವೆಯೇ ಅವನು ಬಾವಿಯ ಕತೆಯನ್ನು ಮುಂದುವರಿಸಿದ. ಮಣ್ಣು ಬಿದ್ದದ್ದು, ಕತ್ತಲೆಯಾದದ್ದು, ಅವಳ ಹೆಸರು ಕೂಗಹೋಗಿ ದನಿಯೇ ಹೊರಡದಿದ್ದದ್ದು. ಹೇಳುತ್ತ ಅತ್ತ. ಅಳುತ್ತಲೇ ಕೊನೆಗೆ ಬಂದ: ಗುದ್ದಲಿಯ ತುದಿ ಕಂಡಿತು, ಬೆಳಕು ಕಂಡಿತು, ಯಾರದೋ ಕೈ ಬಂತು. ಅಷ್ಟು ದಿನಗಳಲ್ಲಿ ಅವನ ಕತೆ ಆ ಕೈಯ ತನಕ ಬಂದದ್ದು ಅದೇ ಮೊದಲು.

ಮಳೆ ನಿಂತ ಮೇಲೆ ತಾನೇ ಗೂಟ ನೆಟ್ಟು ಹುಲ್ಲಿನ ಚಪ್ಪರ ಹಾಕಿದ, ಕೈಯೆತ್ತಿದರೆ ಕಿತ್ತು ಬರುವಂಥದ್ದು. ಆಮೇಲೆ ಅದಕ್ಕೆ ಒಂದು ಕಡೆ ಗೋಡೆಯಂತೆ ಬಿದಿರಿನ ತಟ್ಟಿ ಕಟ್ಟಿದ. ಆಮೇಲೆ ಮನೆಯ ಜಗಲಿಗೆ ಬಂದ. ಜಗಲಿಯಿಂದ ಮತ್ತೆ ಅಂಗಳಕ್ಕೆ ಓಡಿದ್ದೂ ಉಂಟು. ಆಗೆಲ್ಲ ಅವಳು ಚಾಪೆ ಸುತ್ತಿಕೊಂಡು ಹಿಂದೆಯೇ ಬಂದಳು. ಮುಂದಿನ ಬೇಸಿಗೆಯ ಹೊತ್ತಿಗೆ ಅವನು ಒಳಮನೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಅಂಗಳದ ಗಾಳಿ ಇಲ್ಲದೆ ಅವಳಿಗೇ ನಿದ್ದೆ ಬರುತ್ತಿರಲಿಲ್ಲ. ಅವನು ಬಾವಿಗೂ ಇಳಿದ. ಮಣ್ಣು ಉದುರಿದ ಸದ್ದಾದರೆ ಒಮ್ಮೆ ತಲೆಯೆತ್ತಿ ನೋಡುತ್ತಿದ್ದ. ಆಕಾಶ ಇದ್ದಲ್ಲೇ ಇರುವುದನ್ನು ಕಂಡು ಮತ್ತೆ ಗುದ್ದಲಿ ಹಾಕುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂತೋಷವಾಯಿತು. ಕೆಲಸಬೊಗಸೆ ಬಿಟ್ಟು, ಹೊತ್ತು ಮುಳುಗುವ ತನಕ ಅಗೆದು ಅವನನ್ನು ಬದುಕಿಸಿದ ಆ ಊರವರು ದೊಡ್ಡವರು ಎಂದ.

"ಊರವರು ಒಂದು ಹಗಲು ಅಗೆದರು," ಎಂದರು ಗುರುಗಳು, "ಅವಳು ಒಂದು ವರ್ಷ ಅಗೆದಳು."